ಒಂಟಿ ಸೀನು, ಒಂದೇ ಬಟನ್

ಮೊನ್ನೆ ಖಾನಾಪುರದಿಂದ ಬೆಳಗಾವಿಗೆ ಬರುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿಗೆ ಒಬ್ಬ ಮುದುಕ ಬಂದು ಕೂತ. ಹೊರಗೆ ಮಳೆ ಜಡಿಯುತ್ತಿತ್ತು. ತಲೆಯ ಮೇಲಿನ ಕಂಬಳಿ ತೆಗೆದು, ಒಮ್ಮೆ ಝಾಡಿಸಿ, ಮಡಚಿ ತೊಡೆಯ ಮೇಲಿಟ್ಟುಕೊಂಡ. ಅಷ್ಟೇ ಅವನು ಮಾಡಿದ್ದು. ಒದ್ದೆ ಕಂಬಳಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಮಳೆ ಒಳಗೆ ಬರುತ್ತದೆ ಎಂದು ಸುತ್ತಲಿನವರು ಗೊಣಗುತ್ತಿದ್ದರೂ ಕಿಟಕಿ ತೆರೆದು ಮುಖ ಹೊರಗೆ ಹಾಕಿದೆ.

"ಏನಾತ್ರಿ ಅಕ್ಕಾರ, ವಾಂತಿ ಬಂದಂಗ ಆತೇನ್ರಿ?" ಎಂದು ಕಂಡಕ್ಟರ್ ಕೇಳಿದ.

ನೆನಪು ಬಂತಪ್ಪ ಎಂದು ಬಸ್ಸಿನಲ್ಲಿ ಹೇಳಲಾದೀತೇ? "ಹೂಂ" ಎಂದುಬಿಟ್ಟೆ. ಪಾಪ, ಅವನೇ ಓಡಿಹೋಗಿ ಡ್ರೈವರನ ಬಳಿಯಿಂದ ನೀರಿನ ಬಾಟಲಿ ತಂದುಕೊಟ್ಟ. ಆ ನೀರನ್ನು ನೋಡಿದ ಮೇಲಂತೂ ನನಗೆ ಅಳು ತಡೆಯಲಾಗಲಿಲ್ಲ.

ನನ್ನ ಕೆಲಸ ಏನೆಂದು ಹೇಳಿದರೆ ನಮ್ಮ ಪಾರಿಶ್ವಾಡದ ಮಂದಿ ಈಗಲೂ ನಗುತ್ತಾರೆ. ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ಬರುತ್ತವಲ್ಲ, 'ಮುಂದುವರಿಯಬೇಕೆ?', 'ಖಚಿತವೇ?', 'ಹೌದು', 'ಬೇಡ', ಆ ಮಾತುಗಳನ್ನು ಕನ್ನಡದಲ್ಲಿ ಬರೆಯುವವಳು ನಾನು. "ಅಷ್ಟಕ್ಕ ಪಗಾರ ಕೊಡ್ತಾರೇನವ್ವಾ ಲೀಲಾ? ನನಗೂ ಒಂದೆರಡ 'ಹೌದು' ಬರಿಯಾಕ ಕೊಡ್ಸು" ಎಂದು ನಮ್ಮ ದೊಡ್ಡಪ್ಪ ಊರ ಕಟ್ಟೆಯ ಮೇಲೆ ಕೂತು ಚೇಷ್ಟೆ ಮಾಡುತ್ತಿದ್ದ. ನಾನೂ ಬಿಡುವವಳಲ್ಲ. "ನಿಮ್ಮ ಬಾಯಾಗ 'ಬ್ಯಾಡ' ಅನ್ನೂದ ಬಿಟ್ಟು ಬ್ಯಾರೆ ಮಾತ ಬರೂದಿಲ್ಲ, ನಿಮಗ ಯಾರ ಕೊಡ್ತಾರ್ರಿ ಕೆಲಸ?" ಎನ್ನುತ್ತಿದ್ದೆ.

ನಮ್ಮ ಆಫೀಸು ಬೆಳಗಾವಿಯ ರಾಮತೀರ್ಥ ನಗರದಲ್ಲಿ, ಒಂದು ಮನೆಯ ಮಾಳಿಗೆಯ ಮೇಲೆ. ಕೆಳಗಿನ ಮನೆ ಭರತೇಶನದು. ಪರದೆ ಹೇಗಿರಬೇಕು, ಯಾವ ಬಟನ್ ಒತ್ತಿದರೆ ಏನಾಗಬೇಕು ಎಂದು ನಕ್ಷೆ ಹಾಕುವವನು ಅವನು. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವ, ಹಳೆಯ ಜೈನ ಮನೆತನದ ಹುಡುಗ, ಮಾತು ಕಡಿಮೆ. ಆದರೆ ಕೈಗೆ ಮಾರ್ಕರ್ ಸಿಕ್ಕಿತೋ, ಮುಗಿಯಿತು, ಗೋಡೆಯ ಬಿಳಿ ಹಲಗೆಯ ತುಂಬಾ ಸೊನ್ನೆ ಸುತ್ತಿ, ಸೊನ್ನೆಯಿಂದ ಸೊನ್ನೆಗೆ ಬಾಣ ಎಳೆಯುತ್ತಾ ಊಟದ ಹೊತ್ತು ಮರೆಯುತ್ತಿದ್ದ. ಇದನ್ನು ಅವನು ಸ್ಟೇಟ್ ಮಷಿನ್ ಎನ್ನುತ್ತಿದ್ದ. ಮೊದಲ ಸಲ ಕೇಳಿದಾಗ ಅದೇನು ಹಿಟ್ಟಿನ ಗಿರಣಿಯೋ ಎಂದು ಕೇಳಿ ನಗೆಪಾಟಲಾಗಿದ್ದೆ.

"ಲೀಲಕ್ಕಾ, ಪರದೆ ಅಂದ್ರ ಒಂದ ಮನಿ ಅಂತ ತಿಳ್ಕೋರಿ" ಎಂದು ಅವನು ಹೇಳಿಕೊಟ್ಟಿದ್ದ. "ಮನ್ಯಾಗ ಎಣಿಸಿದಷ್ಟ ಖೋಲಿ. ಯಾವ ಹೊತ್ತಿನ್ಯಾಗ ನೋಡಿದ್ರೂ ನೀವು ಒಂದ ಖೋಲ್ಯಾಗ ಇರ್ತೀರಿ, ಎರಡರಾಗ ಇರಾಕ ಬರೂದಿಲ್ಲ. ಯಾವ ಖೋಲ್ಯಾಗ ನಿಂತೀರಿ ಅನ್ನೂದರ ಮ್ಯಾಲ ಯಾವ ಬಾಗಿಲ ತೆರೀತಾವ ಅನ್ನೂದು. ಅಡಗಿ ಮನ್ಯಾಗಿಂದ ಹಿತ್ತಲಕ್ಕ ಹೋಗಬಹುದು, ದೇವರ ಖೋಲ್ಯಾಗಿಂದ ಹೋಗಾಕ ಬಾಗಿಲ ಇಲ್ಲ. ಬಟನ್ ಒತ್ತೂದು ಅಂದ್ರ ಬಾಗಿಲ ದಾಟೂದು. ಖೋಲಿ ಯಾವು, ಬಾಗಿಲ ಎಲ್ಲೆಲ್ಲಿ, ಇಷ್ಟ ಮೊದಲ ಠರಾವ ಮಾಡಿದ್ರ ಮಂದಿ ದಾರಿ ತಪ್ಪೂದಿಲ್ಲ."

ಚಂದ ಅನಿಸಿತ್ತು ನನಗೆ. ಮಂದಿ ದಾರಿ ತಪ್ಪದ ಮನೆ! ಖೋಲಿಗಳಿಗೆ ಹೆಸರಿಡುವುದು, ಬಾಗಿಲುಗಳ ಮೇಲೆ ಹಲಗೆ ಬರೆಯುವುದು ನನ್ನ ಪಾಲಿನ ಕೆಲಸವಾಯಿತು.

ಕೆಲವು ವರ್ಷದ ಹಿಂದೆ ಖಾನಾಪುರದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯವರು ನಮ್ಮನ್ನು ಕರೆಸಿದರು. ಕಣಕುಂಬಿಯ ಆಚೆ ಕಾಡೊಳಗಿನ ಹಳ್ಳಿಗಳಲ್ಲಿ ಮಳೆಗಾಲಕ್ಕೆ ದಾರಿ ಇರುವುದಿಲ್ಲ. ಗರ್ಭಿಣಿಯನ್ನು ಬಿದಿರಿಗೆ ಕಂಬಳಿ ಕಟ್ಟಿದ ಜೋಲಿಯಲ್ಲಿ ಹೊತ್ತು ಹಳ್ಳದವರೆಗೆ ತರುತ್ತಾರೆ. ಹಳ್ಳದ ಈಚೆ ದಂಡೆಗೆ ಆಸ್ಪತ್ರೆಯ ಜೀಪು ಹೋಗಿ ನಿಲ್ಲಬೇಕು. ಹಗ್ಗ ಇರುವುದು ಜೀಪಿನಲ್ಲಿ. ಈ ದಂಡೆಯ ಮರಕ್ಕೆ ಹಗ್ಗ ಕಟ್ಟಿ ಆಚೆಗೆ ಎಸೆದರೆ ಮಾತ್ರ ಜೋಲಿ ದಾಟುತ್ತದೆ. ಹಾಗಾಗಿ ಅಲ್ಲಿ ಹೊರಟದ್ದು ಇಲ್ಲಿ ಗೊತ್ತಾಗಬೇಕು. ಹಳ್ಳಿಗೊಬ್ಬ ಹೆಣ್ಣುಮಗಳನ್ನು ಆಸ್ಪತ್ರೆಯವರು ಸಖಿ ಎಂದು ನೇಮಿಸಿ ಕೈಗೆ ಮೊಬೈಲು ಕೊಟ್ಟಿದ್ದರು. ಆ ಮೊಬೈಲಿನ ಪರದೆಯನ್ನು ನಾವು ಮಾಡಬೇಕಿತ್ತು.

ಭರತೇಶ ನಾಲ್ಕು ಸೊನ್ನೆ ಸುತ್ತಿದ. ಮನೆಯಲ್ಲಿ. ದಾರಿಯಲ್ಲಿ. ಹಳ್ಳ ದಾಟಿದರು. ಆಸ್ಪತ್ರೆಯಲ್ಲಿ. ಒಂದೊಂದರ ಪರದೆಯ ಮೇಲೂ ಒಂದೇ ಒಂದು ದೊಡ್ಡ ಬಟನ್, ಮುಂದಿನ ಖೋಲಿಗೆ. ಮಳೆಯಲ್ಲಿ ಕೈ ಒದ್ದೆ, ಮೊಬೈಲು ಒದ್ದೆ, ಜೀವ ಗಡಿಬಿಡಿಯಲ್ಲಿರುತ್ತದೆ. ಆಗ ಹತ್ತು ಬಟನ್ ಕೊಟ್ಟರೆ ಯಾವುದನ್ನೋ ಒತ್ತುತ್ತಾರೆ ಎಂದ. ಎಲ್ಲರೂ ಡಾಕ್ಟರ್ ಬಾಯಿ ಎಂದು ಕರೆಯುವ ಆಸ್ಪತ್ರೆಯ ಡಾಕ್ಟರಮ್ಮ ಕೂಡ ಹೌದೆಂದರು.

"ಹಿಂದ ಹೋಗಾಕ?" ಎಂದು ಯಾರೋ ಕೇಳಿದ್ದಕ್ಕೆ ಭರತೇಶ, "ಹಡಿಯಾಕ ಹೊಂಟಾಕಿ ಮುಂದನ ಹೋಗ್ತಾಳ್ರಿ. ಹಿಂದ ಯಾಕ ಬರ್ತಾಳ?" ಎಂದಿದ್ದ. ಎಲ್ಲರೂ ನಕ್ಕಿದ್ದೆವು.

ಮಳೆಗಾಲ ಮುಗಿಯುವವರೆಗೆ ನಾನೂ ಅವನೂ ಖಾನಾಪುರದಲ್ಲಿದ್ದು ಈ ವ್ಯವಸ್ಥೆ ನಡೆಯುವುದನ್ನು ನೋಡಿಕೊಳ್ಳಬೇಕೆಂದು ತೀರ್ಮಾನವಾಯಿತು. ಹೊರಟ ದಿನ ಭರತೇಶನ ಮನೆಯ ಮುಂದೆ ಕಾರು ಚಾಲೂ ಆಗಿತ್ತು. ಅವರವ್ವ ತೀರ್ಥಂಕರರ ಫೋಟೋದ ಮುಂದೆ ಹಚ್ಚಿದ ಊದುಬತ್ತಿಯ ಹೊಗೆ ಬಾಗಿಲವರೆಗೂ ಬಂದಿತ್ತು. ಹೊಸ್ತಿಲು ದಾಟಿದ ಭರತೇಶ ಸೀನಿದ. ಒಂದೇ ಸೀನು. ನಾನು ಇನ್ನೊಂದು ಬರಲಿ ಶಿವನೇ ಎಂದು ಅವನ ಮೂಗನ್ನೇ ನೋಡಿದೆ, ಬರಲಿಲ್ಲ.

"ಒಂಟಿ ಸೀನ ಆತು" ಎಂದು ಅವರವ್ವ ಒಳಗಿನಿಂದಲೇ ಕೂಗಿದರು. "ಒಳಗ ಬರ್ರಿ ಇಬ್ರೂ. ಕುಂದರ್ರಿ, ನೀರ ಕುಡೀರಿ, ಆಮ್ಯಾಲ ಹೋಗ್ರಿ."

"ಅವ್ವಾ, ಗಾಡಿ ಚಾಲೂ ಐತಿ!"

"ಬಂದ್ ಮಾಡು. ಸುಟ್ಟ ಹೋಗೂದಿಲ್ಲ ಅದು."

ಭರತೇಶ ಕಾರು ಬಂದ್ ಮಾಡಿದ. ನಾವಿಬ್ಬರೂ ಒಳಗೆ ಹೋಗಿ, ಚಪ್ಪಲಿ ಬಿಟ್ಟು, ಪಡಸಾಲೆಯಲ್ಲಿ ಕೂತು, ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ನೀರು ಕುಡಿದೆವು. "ನಿನ್ನ ಊದುಬತ್ತಿಗೇ ಸೀನ ಬಂದಿದ್ದಲ್ಲ?" ಎಂದು ಅವನು ಗೊಣಗಿದ. ನಮ್ಮ ಮನೆಯಲ್ಲೂ ಇದೇ ರೀತಿ. ದೇವರು ಬೇರೆಯಾದರೂ ಸೀನು ಒಂದೇ. ಹೊರಟವರು ಒಳಗೆ ಬಂದು, ಒಂದು ಗಳಿಗೆ ಕೂತು, ಹೊಸದಾಗಿ ಹೊರಡಬೇಕು. ಆ ಲೋಟ ಕೆಳಗಿಟ್ಟು ಎದ್ದವರು ನಾವು ಅದನ್ನು ಅಲ್ಲೇ ಮರೆತೆವು.

ಖಾನಾಪುರದಲ್ಲಿ ಆಸ್ಪತ್ರೆಯ ಪಕ್ಕದ ಕೋಣೆಯೊಂದನ್ನು ನಮಗೆ ಕೊಟ್ಟರು. ಗೋಡೆಯ ಮೇಲೆ ದೊಡ್ಡ ಪರದೆ. ಅದರಲ್ಲಿ ಗರ್ಭಿಣಿಯರ ಹೆಸರುಗಳು. ಮನೆಯಲ್ಲಿದ್ದರೆ ಬಿಳಿ, ದಾರಿಯಲ್ಲಿದ್ದರೆ ಹಳದಿ, ಹಳ್ಳ ದಾಟಿದರೆ ನೀಲಿ, ಆಸ್ಪತ್ರೆ ಸೇರಿದರೆ ಹಸಿರು. ಹೊರಗೆ ಮಳೆಯೋ ಮಳೆ. ತೊಳೆದು ಹಾಕಿದ ಬಟ್ಟೆ ಒಣಗದು, ಉಪ್ಪು ನೀರಾಗುತ್ತಿತ್ತು, ಚಪ್ಪಲಿಗೆ ಬೂಷ್ಟು. ಭರತೇಶ ಚಾತುರ್ಮಾಸ ಹಿಡಿದಿದ್ದ, ಹೊತ್ತು ಮುಳುಗುವುದರೊಳಗೆ ಉಣ್ಣಬೇಕು. ಇರದ ಸೂರ್ಯನನ್ನು ಆಕಾಶದಲ್ಲಿ ಹುಡುಕುತ್ತಾ ಅವನು ತಾಟು ಹಿಡಿದು ಬಾಗಿಲಲ್ಲಿ ನಿಲ್ಲುವುದನ್ನು ನೋಡಿ ನರ್ಸಮ್ಮಂದಿರೆಲ್ಲ ನಗುತ್ತಿದ್ದರು.

ಕೆಲಸ ಮಾತ್ರ ಹೂವೆತ್ತಿದಂತೆ ನಡೆಯಿತು. ಹಳದಿ ಬರುವುದು, ಜೀಪು ಹೊರಡುವುದು, ನೀಲಿ, ಹಸಿರು, ಒಳಗಿನ ವಾರ್ಡಿನಲ್ಲಿ ಕೂಸಿನ ಅಳು. ಮಾರುತಿ ಎಂಬ ಜೀಪಿನ ಡ್ರೈವರಿಗೆ ನಾವು ಫೋನು ಮಾಡುವ ಕೆಲಸವೂ ಇರಲಿಲ್ಲ. ಹೆಸರು ಹಳದಿಯಾದರೆ ಅವನ ಮೊಬೈಲಿಗೆ 'ಹೊರಡಿ' ಎಂದು, ಹಸಿರಾದರೆ 'ಪ್ರಯಾಣ ಮುಗಿಯಿತು, ಹಿಂತಿರುಗಿ' ಎಂದು ಸಂದೇಶ ತಾನಾಗಿಯೇ ಹೋಗುತ್ತಿತ್ತು. ಆ ವಾಕ್ಯ ನನ್ನದೇ. ಓದಲು ಚೆನ್ನಾಗಿದೆ ಎಂದು ಡಾಕ್ಟರ್ ಬಾಯಿ ಹೊಗಳಿದ್ದರು.

ಒಂದು ದಿನ ಸುರೇಖಾ ಎಂಬ ಸಖಿ ತನ್ನ ಹಳ್ಳಿಯಿಂದ ಪಾರ್ವತಿಯನ್ನು ತಪಾಸಣೆಗೆ ಕರೆದುಕೊಂಡು ಬಂದಳು. ಆ ಹಳ್ಳಿಯಲ್ಲಿ ಮನೆಮಾತು ಮರಾಠಿ, ಕನ್ನಡ ಹೊರಗಿನವರೊಡನೆ ಮಾತ್ರ. ಪಾರ್ವತಿಯ ಕನ್ನಡ ಕೇಳಿ ಯಾವ ಊರವ್ವಾ ಎಂದರೆ ಪಾರಿಶ್ವಾಡ ಎನ್ನಬೇಕೇ! ನಮ್ಮ ಹಿಂದಿನ ಓಣಿಯ ಹುಡುಗಿ. ತಾಯಿ ಇಲ್ಲ, ಅದಕ್ಕೇ ಚೊಚ್ಚಲ ಹೆರಿಗೆಗೂ ತವರಿಗೆ ಹೋಗದೆ ಗಂಡನ ಮನೆಯಲ್ಲೇ ಉಳಿದಿದ್ದಳು. ನಾನು ಅವಳನ್ನು ನಮ್ಮ ಕೋಣೆಗೆ ಕರೆದು ಗೋಡೆಯ ಪರದೆ ತೋರಿಸಿದೆ.

"ಇದರಾಗ ನಾ ಎಲ್ಲಿದೀನ್ರಿ ಅಕ್ಕಾರ?"

"ಇಲ್ಲೆ ನೋಡು, ಬಿಳಿ ಐತೆಲ್ಲ. ಮನ್ಯಾಗ ಅದೀ."

ಪಾರ್ವತಿ ಬಾಯಿಗೆ ಸೆರಗು ಹಿಡಿದು ನಕ್ಕಳು. "ಅಯ್ಯ, ನಿಮ್ಮ ಮುಂದ ನಿಂತೀನಲ್ರಿ!"

ನಾವೂ ನಕ್ಕೆವು. ಹೋಗುವಾಗ ಅವಳು ನನ್ನ ಕೈ ಹಿಡಿದುಕೊಂಡಳು. ಕೈ ತಣ್ಣಗಿತ್ತು, ಹೆದರಿದ್ದಳು ಹುಡುಗಿ. "ನಾ ಹೊಂಟ ದಿನಾ ನೋಡಕೋತ ಇರ್ರಿ ಅಕ್ಕಾರ. ನೀವು ನೋಡಾಕತ್ತೀರಿ ಅಂದ್ರ ನನಗ ಧೈರ್ಯ" ಎಂದಳು. ನೋಡುತ್ತಿರುತ್ತೇನೆ ಎಂದೆ. ಚೊಚ್ಚಲ ಬಾಣಂತಿಗೆ ನಮ್ಮ ಮನೆಯಿಂದ ಅಂಟಿನುಂಡಿ ಮಾಡಿಸಿ ತರುತ್ತೇನೆ ಎಂದೂ ಹೇಳಿದೆ.

ಅವಳು ಹೊರಟ ದಿನ ನಾನು ಅದೇ ಉಂಡಿಗಾಗಿ ಪಾರಿಶ್ವಾಡಕ್ಕೆ ಹೋಗಿದ್ದೆ. ದಿನ ತುಂಬಲು ಇನ್ನೂ ಸಮಯವಿದೆ ಎಂದು ಡಾಕ್ಟರ್ ಹೇಳಿದ್ದರು. ಮಧ್ಯಾಹ್ನ ತೊಯ್ದು ತೊಪ್ಪೆಯಾಗಿ ಕೋಣೆಗೆ ಬಂದು ಪರದೆ ನೋಡುತ್ತೇನೆ, ಪಾರ್ವತಿಯ ಹೆಸರು ಹಸಿರಾಗಿದೆ. ನನ್ನ ಖುಷಿ ಏನು ಕೇಳುತ್ತೀರಿ!

"ಯಾವಾಗ ಬಂದ್ಲೋ ನಮ್ಮ ಹುಡುಗಿ?" ಎಂದೆ.

ಭರತೇಶ ಮುಂಜಾನೆಯಿಂದ ಆಸ್ಪತ್ರೆಯ ಇನ್ನೊಂದು ಕಂಪ್ಯೂಟರ್ ಬಿಚ್ಚಿಕೊಂಡು ಕೂತಿದ್ದ. ಆಗಷ್ಟೇ ಕೋಣೆಗೆ ಬಂದಿದ್ದ. "ಹಸಿರ ಆಗೇತೇನ್ರಿ? ಹಂಗಾರ ಬಂದಾಳ" ಎಂದ.

ಉಂಡಿಯ ಡಬ್ಬಿ ಹಿಡಿದು ವಾರ್ಡಿಗೆ ಹೋದೆ. ಬಾಗಿಲ ಪಕ್ಕದ ಮಂಚ ಖಾಲಿ ಇತ್ತು. ಅದರಾಚೆಯ ಮಂಚದಲ್ಲಿ ಬೇರೆ ಯಾರೋ ಇದ್ದರು. ಹೆರಿಗೆ ಕೋಣೆಗೆ ಒಯ್ದಿರಬೇಕು ಎಂದು ಅಲ್ಲಿ ಬಗ್ಗಿ ನೋಡಿದೆ, ನರ್ಸಮ್ಮ ಒಬ್ಬರೇ ಕೂತು ಹತ್ತಿ ಸುತ್ತುತ್ತಿದ್ದರು.

"ಪಾರ್ವತಿ ಎಲ್ಲಿ ಅದಾಳ್ರಿ ಸಿಸ್ಟರ್?"

"ಯಾವ ಪಾರ್ವತಿರಿ? ಮುಂಜಾನಿಯಿಂದ ಇಲ್ಲಿ ಒಬ್ಬರೂ ಬಂದಿಲ್ಲ."

ಬಂದಿಲ್ಲವೆಂದರೆ? ಪರದೆಯ ಮೇಲೆ ಬಂದಿದ್ದಾಳಲ್ಲ! ನಾನು ಮತ್ತೆ ಖಾಲಿ ಮಂಚದ ಹತ್ತಿರ ಹೋಗಿ ಹಾಸಿಗೆ ಮುಟ್ಟಿ ನೋಡಿದೆ. ಯಾಕೆ ಮುಟ್ಟಿದೆನೋ ಗೊತ್ತಿಲ್ಲ. ಬಟ್ಟೆ ಗರಿಗರಿಯಾಗಿ ತಣ್ಣಗಿತ್ತು. ಡಬ್ಬಿ ಅಲ್ಲೇ ಇಟ್ಟು ಓಡಿದೆ. ಅಂಗಳದಲ್ಲಿ ಜೀಪು ನಿಂತಿತ್ತು. ಮಾರುತಿ ಅದರೊಳಗೆ ಕೂತು ಅವಲಕ್ಕಿ ತಿನ್ನುತ್ತಿದ್ದ.

"ಮಾರುತಿ, ನೀ ಇಲ್ಲಿ ಹ್ಯಾಂಗ? ಪಾರ್ವತಿ ಎಲ್ಲೋ?"

ಅವನು ಕೈಯಲ್ಲಿದ್ದ ತುತ್ತು ಹಾಗೇ ಹಿಡಿದು ನೋಡಿದ. "ಬಂದಾಳಂತಲ್ರಿ. ಕಾಡ ದಾರ್ಯಾಗ ಸಿಗ್ನಲ್ ಇರಲಿಲ್ಲ, ಕಣಕುಂಬಿ ಮುಟ್ಟಿದ ಮ್ಯಾಲ ಮೆಸೇಜ ಬಂತು, ಪ್ರಯಾಣ ಮುಗೀತು, ಹಿಂತಿರುಗಿ ಅಂತ. ಬ್ಯಾರೆ ಗಾಡಿ ಸಿಕ್ಕಿರಬೇಕ ಅಂದ್ಕೊಂಡು ಹೊಳ್ಳಿಸ್ಕೊಂಡು ಬಂದೆ. ಖರೇನ ಬಂದಿಲ್ಲೇನ್ರಿ?"

ಕೋಣೆಯಲ್ಲಿ ಭರತೇಶ ಆಗಲೇ ಪಾರ್ವತಿಯ ಹೆಸರನ್ನು ಒತ್ತಿ ಒಳಗಿನ ವಿವರ ತೆರೆದಿದ್ದ. ನನ್ನ ಮುಖ ನೋಡಿ ಬೆರಳಿಟ್ಟು ತೋರಿಸಿದ. ಹೊರಟರು, ಹಳ್ಳ ದಾಟಿದರು, ಆಸ್ಪತ್ರೆ ಸೇರಿದರು. ಒಂದರ ಬೆನ್ನಿಗೆ ಒಂದು, ಒಂದು ಲೋಟ ನೀರು ಕುಡಿದು ಮುಗಿಸುವಷ್ಟು ಹೊತ್ತಿನಲ್ಲಿ. ಅಲ್ಲಿಂದ ಖಾನಾಪುರಕ್ಕೆ ಹಕ್ಕಿ ಕೂಡ ಅಷ್ಟರಲ್ಲಿ ಬರಲಾರದು.

"ಹ್ಯಾಂಗ ಆತೋ ಇದು?" ಎಂದು ಕೂಗಿದೆ.

"ಗೊತ್ತಿಲ್ಲ" ಎಂದ ಭರತೇಶ. ತನ್ನ ನಕ್ಷೆಯ ಬಗ್ಗೆ ಅವನು ಗೊತ್ತಿಲ್ಲ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಸುರೇಖಾಳಿಗೆ ಫೋನು ಹಚ್ಚಿದರೆ ಹತ್ತಲಿಲ್ಲ. ಅವಳ ಹಳ್ಳಿಯಲ್ಲಿ ಪಾರ್ವತಿಯ ಮನೆ, ಅಂಗಳ ಬಿಟ್ಟರೆ ಬೇರೆಲ್ಲೂ ಸಿಗ್ನಲ್ ಇರಲಿಲ್ಲ. ಫೋನು ಹತ್ತುತ್ತಿಲ್ಲ ಎಂದರೆ ಅವರು ಅಂಗಳ ಬಿಟ್ಟು ಇಳಿದಿದ್ದಾರೆ ಎಂದೇ ಅರ್ಥ.

ನರ್ಸಮ್ಮನನ್ನು ಕೂರಿಸಿಕೊಂಡು ನಾವೆಲ್ಲ ಜೀಪು ಹತ್ತಿದೆವು. ಜಾಂಬೋಟಿ ದಾಟಿದ ಮೇಲೆ ಮಳೆ ಎಷ್ಟಿತ್ತೆಂದರೆ ಮಾರುತಿ ಬಗ್ಗಿ ಗಾಜಿಗೆ ಮೂಗು ತಾಗಿಸಿ ಗಾಡಿ ಹೊಡೆಯುತ್ತಿದ್ದ. ಅವಳು ಇನ್ನೂ ಹೊರಟಿರಲಿಕ್ಕಿಲ್ಲ, ಮನೆಯಲ್ಲೇ ಇರಬೇಕು, ಬಿಳಿ ಖೋಲಿಯಲ್ಲೇ ಇರಲಿ ಎಂದು ದೇವರನ್ನು ಬೇಡುತ್ತಿದ್ದೆ. ಕಣಕುಂಬಿಯಿಂದ ಒಳಗಿನ ಕೆಸರು ದಾರಿ ಹಿಡಿದು ಹಳ್ಳದ ಸಪ್ಪಳ ಕೇಳುವಲ್ಲಿಗೆ ಬಂದಾಗ ಆಚೆ ದಂಡೆಯ ಮೇಲೆ ಜೋಲಿ ಕಾಣಿಸಿತು. ನೆಲಕ್ಕೆ ಇಳಿಸಿದ್ದರು. ಅದರ ಮೇಲೆ ಇನ್ನೊಂದು ಕಂಬಳಿ ಎತ್ತಿ ಹಿಡಿದು ನಾಲ್ಕು ಮಂದಿ ಗಂಡಸರು ನಿಂತಿದ್ದರು. ಸುರೇಖಾ ನಮ್ಮನ್ನು ನೋಡಿ ಎರಡೂ ಕೈ ಎತ್ತಿ ಕೂಗುತ್ತಿದ್ದಳು. ನೀರಿನ ಅಬ್ಬರದಲ್ಲಿ ಅವಳ ಬಾಯಿ ಮಾತ್ರ ಕಾಣುತ್ತಿತ್ತು.

ಮುಂಜಾನೆಯಿಂದ ಅವರು ಅಲ್ಲಿದ್ದರು. ಅವರು ಬಂದಾಗ ಹಳ್ಳ ಮೊಣಕಾಲಿನ ಮೇಲಿತ್ತಂತೆ, ಹಗ್ಗ ಇದ್ದಿದ್ದರೆ ದಾಟಬಹುದಿತ್ತಂತೆ. ನಾವು ಹೋದಾಗ ಎದೆಮಟ್ಟ ಹರಿಯುತ್ತಿತ್ತು. ಮಾರುತಿ ಹಗ್ಗ ಎಸೆದ, ನೀರು ಎಳೆದುಕೊಂಡಿತು. ಮತ್ತೆ ಎಸೆದ, ಮತ್ತೆ. ಕೊನೆಗೆ ಪಾರ್ವತಿಯ ಗಂಡ ದತ್ತು ನೀರಿಗೆ ಇಳಿದು ಹಗ್ಗದ ತುದಿ ಹಿಡಿದ. ಜೋಲಿಯನ್ನು ತಲೆಯ ಮೇಲೆ ಹೊತ್ತು ಅವರು ದಾಟುವಷ್ಟು ಹೊತ್ತು ನಾನು ಈ ದಂಡೆಯ ಮರಕ್ಕೆ ಕಟ್ಟಿದ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ.

ಜೀಪಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಕಂಬಳಿ ನೀರು ಕುಡಿದು ಕಲ್ಲಿನಷ್ಟು ಭಾರವಾಗಿತ್ತು, ಅದರ ವಾಸನೆ ಗಾಡಿಯ ತುಂಬಾ. ಪಾರ್ವತಿ ಕಣ್ಣು ತೆರೆದು ನನ್ನ ಗುರುತು ಹಿಡಿದಳು.

"ಅಕ್ಕಾರ, ನೋಡಕೋತ ಇದ್ರೇನ್ರಿ?" ಎಂದಳು.

ಚುಚ್ಚಿ ಕೇಳಿದ್ದಲ್ಲ ಅದು. ಧೈರ್ಯಕ್ಕೆ ಕೇಳಿದ್ದು. ನಾನು ಅವಳ ಹಣೆಯ ನೀರು ಒರೆಸಿದೆ.

ಆಸ್ಪತ್ರೆ ಸೇರಿದಾಗ ಇನ್ನೂ ಬೆಳಕಿತ್ತು. ಹೆರಿಗೆ ಕೋಣೆಯ ಬಾಗಿಲು ಹಾಕಿದರು. ನಾವು ಹೊರಗಿನ ಬೆಂಚಿನ ಮೇಲೆ ಕೂತು ಅಳುವಿನ ಸದ್ದಿಗೆ ಕಾದೆವು. ಸದ್ದು ಬರಲಿಲ್ಲ. ಡಾಕ್ಟರ್ ಬಾಯಿ ಹೊರಗೆ ಬಂದು, ತಾಯಿ ಉಳಿದಳು ಎಂದರು. ಗಂಡು ಕೂಸಂತೆ. "ಸ್ವಲ್ಪ ಲಗೂನ ಬಂದಿದ್ರ..." ಎಂದು ಶುರು ಮಾಡಿ, ದತ್ತುವಿನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ದತ್ತು ಗೋಡೆಗೆ ಹಣೆ ಹಚ್ಚಿ ನಿಂತ. "ನನ್ನ ಸೀನ ನನ್ನ ಮಗನ್ನ ತಿಂತು" ಎಂದ.

ಯಾವ ಸೀನು? ನಾನು ಸುರೇಖಾಳ ಕಡೆ ನೋಡಿದೆ. ಅವಳು ಸೆರಗಿನಲ್ಲಿ ಮೊಬೈಲು ಸುತ್ತಿಟ್ಟುಕೊಂಡು ನೆಲದ ಮೇಲೆ ಕೂತಿದ್ದಳು. ಅಳುತ್ತ ಅಳುತ್ತಲೇ ಹೇಳಿದಳು.

"ಮುಂಜಾನೆ ಬ್ಯಾನಿ ಚಾಲೂ ಆತ್ರಿ. ಜೋಲಿ ಎತ್ತಿದ್ರು, ನಾ 'ಹೊರಟೆವು' ಅನ್ನೂ ಬಟನ್ ಒತ್ತಿದೆ. ಅಂಗಳ ದಾಟಿಲ್ಲ, ಈ ದತ್ತು ಸೀನಿದ. ಒಂಟಿ ಸೀನ. ಅವರವ್ವ ಬಿಡ್ತಾಳೇನ್ರಿ? ಚೊಚ್ಚಲ ಬಸಿರಿ, ಒಳಗ ಬರ್ರಿ, ಕುಂದರ್ರಿ, ನೀರ ಕುಡೀರಿ ಅಂದ್ಲು. ಹೊಳ್ಳಿ ಒಳಗ ಬಂದ್ವಿ. ಮೊಬೈಲ ನೋಡ್ತೀನಿ, ದಾರ್ಯಾಗ ಅದೀವಿ ಅಂತ ತೋರಸಾಕತ್ತೈತಿ. ನಾವು ಮನ್ಯಾಗ ಕುಂತೀವಿ, ಸುಳ್ಳ ಯಾಕ ತೋರಸಬೇಕ? ಮನ್ಯಾಗ ಅಂತ ಮಾಡೂಣು ಅಂದ್ರ ಹಿಂದ ಹೋಗೂ ಬಟನ್ ಇಲ್ಲ. ಒಂದ ಬಟನ್ ಐತಿ, ಮುಂದಿಂದು. ನಮ್ಮ ಗಡಿಯಾರದಾಗ ತಾಸು ತಪ್ಪಿದ್ರ ಒತ್ತಕೋತ ಹೋದ್ರ ಸುತ್ತ ಹಾಕಿ ಮತ್ತ ಮೊದಲಿಗೆ ಬರ್ತೈತಲ್ರಿ? ಹಂಗ ಬರ್ತೈತಿ ಅಂತ ಒತ್ತಿದೆ. 'ಖಚಿತವೇ' ಅಂತ ಕೇಳ್ತು, 'ಹೌದು' ಅಂದೆ. ಮತ್ತ ಒತ್ತಿದೆ. ಮತ್ತ ಕೇಳ್ತು, ಮತ್ತ 'ಹೌದು' ಅಂದೆ. ಮುಗೀತು ಅಂತ ಬಂತು. ಆಮ್ಯಾಲ ಏನ ಒತ್ತಿದ್ರೂ ಮೊದಲಿಗೆ ಬರವಲ್ದು. ಮಾರುತಿಗೆ ಫೋನ್ ಹಚ್ಚಿದೆ, ಹತ್ತಲಿಲ್ಲ. ಬ್ಯಾನಿ ಜೋರಾತು. ಜೀಪ ಹೊಂಟಿರ್ತೈತಿ, ಹಳ್ಳಕ್ಕ ಬಂದ ನಿಂತಿರ್ತೈತಿ ಅಂತ ಜೋಲಿ ಎತ್ತಿದ್ವಿ."

ನಾನು ಭರತೇಶನ ಕಡೆ ತಿರುಗಿದೆ. ಅವನು ಆಗಲೇ ನನ್ನನ್ನು ನೋಡುತ್ತಿದ್ದ. ಇಬ್ಬರಿಗೂ ಒಂದೇ ನೆನಪಾಗಿತ್ತು. ಊದುಬತ್ತಿಯ ಹೊಗೆ, ಬಂದ್ ಮಾಡಿದ ಕಾರು, ಬೆಲ್ಲದ ಚೂರು, ನೀರಿನ ಲೋಟ. ಹೊರಟವರು ಒಳಗೆ ಬಂದು ಕೂರುತ್ತಾರೆ ಎಂಬುದು ನಮಗೆ ಗೊತ್ತಿಲ್ಲದ ಲೋಕದ ಸಂಗತಿಯೇ? ಹುಟ್ಟಿದಾಗಿನಿಂದ ಕುಡಿದ ನೀರು! ಅದೇ ನೀರು ಕುಡಿದು ಬಾಯಿ ಒರೆಸಿಕೊಂಡು ಬಂದು, ಹಿಂದೆ ಬರಲು ಬಾಗಿಲಿಲ್ಲದ ಮನೆಯ ಮುಂದೆ ಕೂತಿದ್ದೆವು.

"ನೀರ ಕುಡದಿದ್ದೆಲ್ಲೋ!" ಎಂದು ನಾನು ಅಷ್ಟು ಮಂದಿಯ ನಡುವೆ ಚೀರಿದೆ. "ನೀನೂ ಕುಡದಿದ್ದೆಲ್ಲೋ ಭರತೇಶ!"

ಅವನು ಎದ್ದು ದತ್ತುವಿನ ಹತ್ತಿರ ಹೋದ. ಅವನ ಭುಜ ಮುಟ್ಟಲು ಕೈ ಎತ್ತಿ, ಮುಟ್ಟಲಾಗದೆ ಇಳಿಸಿದ. "ನಿಮ್ಮ ಸೀನ ಅಲ್ರಿ" ಎಂದ. "ನನ್ನಿಂದ ಆತು. ಹೊಳ್ಳಿ ಬರಾಕ ನಾ ಬಾಗಿಲ ಇಟ್ಟಿರಲಿಲ್ಲ." ದತ್ತುವಿಗೆ ಅದು ಅರ್ಥವಾಯಿತೋ ಇಲ್ಲವೋ. ಅವನು ಭರತೇಶನನ್ನು ನೋಡಿದ, ಮತ್ತೆ ಗೋಡೆಗೆ ತಿರುಗಿದ.

ಒಳಗೆ ಕೋಣೆಯಲ್ಲಿ ಗೋಡೆಯ ಪರದೆ ಉರಿಯುತ್ತಲೇ ಇತ್ತು. ಪಾರ್ವತಿ, ಆಸ್ಪತ್ರೆಯಲ್ಲಿ, ಹಸಿರು. ಈಗ ಅದು ಖರೆಯೇ ಆಗಿತ್ತು. ನನಗೆ ಸಿಟ್ಟು ಬಂದು ಅದರ ವೈರು ಕಿತ್ತು ಹಾಕಿದೆ. ಸ್ವಲ್ಪ ಹೊತ್ತಿಗೆ ನಾನೇ ಮತ್ತೆ ಹಚ್ಚಿದೆ. ಬೇರೆ ಹೆಸರುಗಳೂ ಇದ್ದವಲ್ಲ ಅದರಲ್ಲಿ, ಬಿಳಿಯಾಗಿ, ದಿನ ಎಣಿಸುತ್ತ.

ಭರತೇಶ ಆಮೇಲೆ ನಾಲ್ಕು ಸೊನ್ನೆಗಳನ್ನು ಮತ್ತೆ ಬರೆದ. ಎಲ್ಲದರಿಂದ ಹಿಂದಕ್ಕೆ, ಮನೆಗೆ, ಒಂದೊಂದು ಬಾಣ ಎಳೆದ, ಕೊನೆಯ ಆಸ್ಪತ್ರೆಯಿಂದಲೂ. ಹೆಸರು ಹಸಿರಾದರೂ ವಾರ್ಡಿನ ನರ್ಸಮ್ಮ ತನ್ನ ಕೈಯಿಂದ ಒತ್ತುವವರೆಗೆ ಜೀಪಿಗೆ 'ಹಿಂತಿರುಗಿ' ಎಂದು ಹೋಗದಂತೆ ಮಾಡಿದ. ನಾನು 'ಖಚಿತವೇ?' ಎಂಬುದನ್ನು ಎಲ್ಲ ಕಡೆಯಿಂದ ತೆಗೆದುಹಾಕಿದೆ. ಸುಡುಗಾಡು ಪ್ರಶ್ನೆ ಅದು! ಅದಕ್ಕೆ 'ಹೌದು' ಎನ್ನದವರನ್ನು ನಾನು ಇವತ್ತಿನವರೆಗೆ ಕಂಡಿಲ್ಲ. ಅದರ ಬದಲು 'ನೀವು ಈಗ ಜೀಪು ನಿಂತ ದಂಡೆಯಲ್ಲಿ ಇದ್ದೀರಾ?' ಎಂದು ಇರುವುದನ್ನೇ ಕೇಳುವಂತೆ ಬರೆದೆ. ಹೊಸ ಬಾಗಿಲಿಗೂ ಹೆಸರು ಬೇಕಿತ್ತು. 'ಮನೆಗೆ ಮರಳಿದೆವು' ಎಂದು ಬರೆದುಕೊಟ್ಟೆ.

ಪಾರ್ವತಿಯನ್ನು ಮನೆಗೆ ಕಳಿಸುವ ಹೊತ್ತಿಗೆ ಮಳೆ ಸ್ವಲ್ಪ ಹಿಡಿದಿತ್ತು. ನಾನು ತಂದ ಅಂಟಿನುಂಡಿಯ ಡಬ್ಬಿ ಅದೇ ಮಂಚದ ಕೆಳಗಿತ್ತು. ಕೊಡಬೇಕೋ ಬಾರದೋ ಎಂದು ನಾನು ಒದ್ದಾಡುತ್ತಿದ್ದರೆ ಅವಳೇ ಕೈ ಚಾಚಿ ತೆಗೆದುಕೊಂಡಳು. "ಅವ್ವ ಮಾಡಿ ಕೊಟ್ಟಂಗ ಆತ್ರಿ ಅಕ್ಕಾರ" ಎಂದಳು. ನಾನು ಇನ್ನೊಬ್ಬರ ಎದುರು ಹಾಗೆ ಅತ್ತದ್ದು ಅದೇ ಮೊದಲು. ಅವಳೇ ನನ್ನನ್ನು ಸಮಾಧಾನ ಮಾಡಿ ಜೀಪು ಹತ್ತಿದಳು. ದತ್ತು ಸೀಟಿನ ಮೇಲೆ ಕಂಬಳಿ ಹಾಸಿಕೊಟ್ಟ. ಸುರೇಖಾ ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೈಯಲ್ಲಿ ಹಿಡಿದಿದ್ದಳು, ಅದನ್ನು ನೋಡಲು ಅವಳಿಗೆ ಇನ್ನೂ ಹೆದರಿಕೆ.

"ಇದರಾಗ ಹೊಸಾ ಬಟನ್ ಬಂದೈತಿ ಅಂದ್ರಲ್ಲ" ಎಂದಳು. "ಯಾವಾಗ ಒತ್ತಲ್ರಿ?"

"ಮನಿ ಮುಟ್ಟಿದ ಮ್ಯಾಲ ಒತ್ತವ್ವಾ" ಎಂದೆ.

ಅವತ್ತು ಸಂಜೆ ಅಪರೂಪಕ್ಕೆ ಸೂರ್ಯ ಕಂಡಿದ್ದ. ಭರತೇಶ ತಾಟಿನ ಮುಂದೆ ಕೂತಿದ್ದ, ಉಂಡಿರಲಿಲ್ಲ. ನಾನು ಸುಮ್ಮನೆ ಪರದೆ ನೋಡುತ್ತಿದ್ದೆ. ನೋಡುತ್ತಿರುತ್ತೇನೆ ಎಂದು ಮಾತು ಕೊಟ್ಟಿದ್ದೆನಲ್ಲ. ಹೊತ್ತು ಇಳಿಯುವಾಗ ಪಾರ್ವತಿಯ ಹೆಸರಿನ ಹಸಿರು ಹೋಗಿ ಬಿಳಿಯಾಯಿತು. ಮನೆಯಲ್ಲಿ.

ಸೀನು ಬಂದರೆ ಒಳಗೆ ಬಂದು, ಒಂದು ಗಳಿಗೆ ಕೂತು, ನೀರು ಕುಡಿದು ಮತ್ತೆ ಹೊರಡಲಿ ಎಂದು ಮಾಡಿದ ಬಾಗಿಲು ಅದು. ಅದನ್ನು ಮೊದಲು ದಾಟಿದವಳು ಅವಳು, ಬರಿ ಉಡಿಯಲ್ಲಿ.